ಮೆಗಾ ರ‍್ಯಾನ್: ತಾನು ಬಲ್ಲ ಬದುಕನ್ನೇ ಹಾಡಿದ ಮೇಷ್ಟ್ರು

ಕೇಳುಗರಿಗೆ ನಮಸ್ಕಾರ.

ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ರ‍್ಯಾಪ್ ಸಾಲುಗಳನ್ನು ಬರೆದು, ಮನೆಯವರಿಗೆ ಕೇಳಿಸದಂತೆ ತಾರಸಿಗೆ ಹೋಗಿ ಹಾಡಿಕೊಳ್ಳುವ ಹುಡುಗ ಹುಡುಗಿಯರು ಈಗ ಈ ಕಾರ್ಯಕ್ರಮವನ್ನು ಕೇಳುತ್ತಿದ್ದಾರೆ ಎಂಬ ನಂಬಿಕೆಯಿಂದ ಈ ಮಾತುಗಳನ್ನು ಆಡುತ್ತಿದ್ದೇನೆ. ಅವರ ತಂದೆತಾಯಿಯರೂ ಜತೆಗೆ ಕೂತು ಕೇಳಿದರೆ ಇನ್ನೂ ಒಳ್ಳೆಯದು, ಏಕೆಂದರೆ ನಾನು ಪರಿಚಯಿಸಲಿರುವ ರ‍್ಯಾಪರ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು. ಅವರ ಹೆಸರು ರಹೀಮ್ ಜಾರ್ಬೊ. ಅಮೆರಿಕದ ಫಿಲಡೆಲ್ಫಿಯಾ ನಗರದವರು. ಮುಂದೆ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ನೆಲೆ ನಿಂತವರು. ಮೊದಲಿಗೆ ರ‍್ಯಾಂಡಮ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಅವರನ್ನು ಇಂದು ವಿಡಿಯೊ ಗೇಮ್ ಪ್ರೇಮಿಗಳೆಲ್ಲ ಮೆಗಾ ರ‍್ಯಾನ್ ಎಂದು ಕರೆಯುತ್ತಾರೆ.

ಧ್ವನಿಮುದ್ರಣ ನನ್ನ ವೃತ್ತಿ. ನಮ್ಮ ಸ್ಟುಡಿಯೊಗೆ ರ‍್ಯಾಪ್ ಹಾಡಲು ಬರುವ ಎಳೆಯರಲ್ಲಿ ಹಲವರು ತಾವು ಎಂದೂ ಹತ್ತದ ಕಾರು, ಎಂದೂ ಮುಟ್ಟದ ಬಂದೂಕು, ಎಂದೂ ಕಾಣದ ನೋಟಿನ ಕಂತೆಗಳ ಬಗ್ಗೆ ಎದೆ ತಟ್ಟಿಕೊಂಡು ಹಾಡುತ್ತಾರೆ. ದನಿ ಚೆನ್ನಾಗಿರುತ್ತದೆ, ತಾಳ ತಪ್ಪುವುದಿಲ್ಲ, ಆದರೆ ಹಾಡಿನಲ್ಲಿ ಹಾಡುವವನೇ ಇರುವುದಿಲ್ಲ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ, ಇನ್ನೆರಡು ಸಲವೂ ಹೇಳುತ್ತೇನೆ, ದಯವಿಟ್ಟು ಬೇಸರಪಡಬೇಡಿ: ರ‍್ಯಾಪ್‌ಗೆ ಬಂಡವಾಳ ನೀವು ಒಳಗಿನಿಂದ ಬಲ್ಲ ಬದುಕು. ಈ ಮಾತಿಗೆ ಮೆಗಾ ರ‍್ಯಾನ್‌ರಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಅವರ ಕಥೆಗೆ ಮುನ್ನ ಸ್ವಲ್ಪ ಹಿನ್ನೆಲೆ ಬೇಕು. ರ‍್ಯಾಪ್‌ನ ತವರಾದ ಹಿಪ್ ಹಾಪ್ ಸಂಸ್ಕೃತಿ ಹುಟ್ಟಿದ್ದು ನ್ಯೂಯಾರ್ಕ್‌ನ ಬ್ರಾಂಕ್ಸ್ ಬಡಾವಣೆಯಲ್ಲಿ, 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ಸಂಖ್ಯೆಯ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿಕೊಟ್ಟ ಒಂದು ಸಂತೋಷಕೂಟದಲ್ಲಿ ಎಂದು ಹೇಳುವುದು ವಾಡಿಕೆ. ಹಾಡಿನಲ್ಲಿ ಗಾಯನ ನಿಂತು ಬರೀ ತಾಳವಾದ್ಯ ನುಡಿಯುವ ಕೆಲವೇ ಕ್ಷಣಗಳ ಭಾಗಕ್ಕೆ ಜನ ಹುಚ್ಚೆದ್ದು ಕುಣಿಯುವುದನ್ನು ಹರ್ಕ್ ಗಮನಿಸಿದ್ದರು. ಆ ಭಾಗವನ್ನು ಹಿಗ್ಗಿಸಲು ಅವರು ಒಂದೇ ಹಾಡಿನ ಎರಡು ರೆಕಾರ್ಡ್‌ಗಳನ್ನು ಎರಡು ಪ್ಲೇಯರ್‌ಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಮತ್ತೆ ನುಡಿಸುವ ಉಪಾಯ ಕಂಡುಕೊಂಡರು. ಹೀಗೆ ಸುತ್ತಿ ಸುತ್ತಿ ಬರುವ ಸಂಗೀತದ ತುಣುಕಿಗೆ ಲೂಪ್ ಎನ್ನುತ್ತಾರೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಿಪ್ ಹಾಪ್‌ನ ನೂರಾರು ಕವಲುಗಳಲ್ಲಿ ನರ್ಡ್‌ಕೋರ್ ಎಂಬುದೂ ಒಂದು. ಕಂಪ್ಯೂಟರು, ಕಾಮಿಕ್ಸ್, ವೈಜ್ಞಾನಿಕ ಕಥೆ, ವಿಡಿಯೊ ಗೇಮ್ ಇವುಗಳಲ್ಲೇ ಮುಳುಗಿರುವವರು ಆ ಪ್ರಪಂಚವನ್ನೇ ವಸ್ತುವಾಗಿಸಿಕೊಂಡು ಮಾಡುವ ರ‍್ಯಾಪ್ ಅದು. ಆ ಹೆಸರನ್ನು 2000ನೇ ಇಸವಿಯಲ್ಲಿ ಕೊಟ್ಟವರು ಎಂಸಿ ಫ್ರಂಟಲಾಟ್ ಎಂಬ ರ‍್ಯಾಪರ್. ಆರಂಭದ ನರ್ಡ್‌ಕೋರ್ ಗಾಯಕರಲ್ಲಿ ಬಹುಪಾಲು ಬಿಳಿಯರಿದ್ದುದರಿಂದ, ಕಪ್ಪು ಜನರ ಕಲೆಯನ್ನು ಇವರು ಅಣಕಿಸುತ್ತಿದ್ದಾರೆಯೇ ಎಂಬ ಅನುಮಾನ ಹುಟ್ಟಿದ್ದು ಸಹಜವಾಗಿತ್ತು. ಫಿಲಡೆಲ್ಫಿಯಾದ ಕಪ್ಪು ಮೇಷ್ಟ್ರೊಬ್ಬರು ಅದೇ ವಸ್ತುವನ್ನು ಕೈಗೆತ್ತಿಕೊಂಡು, ಹಿಪ್ ಹಾಪ್‌ನ ಛಂದಸ್ಸು, ಉಸಿರು, ಹಟ ಎಲ್ಲವನ್ನೂ ಉಳಿಸಿಕೊಂಡು ಹಾಡಿದಾಗ ಆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಅಲ್ಲದೆ ಆ ಊರಿಗೆ ಇದು ಹೊಸದೂ ಆಗಿರಲಿಲ್ಲ. ಮುಂದೆ ಚಿತ್ರನಟರಾಗಿ ಲೋಕಪ್ರಸಿದ್ಧರಾದ ವಿಲ್ ಸ್ಮಿತ್, ಫಿಲಡೆಲ್ಫಿಯಾದ ಹುಡುಗನಾಗಿ ಡಿಜೆ ಜಾಜಿ ಜೆಫ್ ಜತೆ 1988ರಲ್ಲೇ 'ಹ್ಯೂಮನ್ ವಿಡಿಯೊ ಗೇಮ್' ಎಂಬ ಹಾಡನ್ನು ಮಾಡಿದ್ದರು. ಮರುವರ್ಷ ರ‍್ಯಾಪ್ ವಿಭಾಗದ ಮೊದಲ ಗ್ರ್ಯಾಮಿ ಪ್ರಶಸ್ತಿ ಪಡೆದದ್ದೂ ಇದೇ ಜೋಡಿ. ವಿಡಿಯೊ ಗೇಮ್ ಕುರಿತು ಹಾಡುವುದು ಹುಡುಗಾಟ ಎನ್ನುವವರು ಇದನ್ನು ತಿಳಿದುಕೊಳ್ಳಬೇಕು.

ಈಗ ಮೆಗಾ ರ‍್ಯಾನ್‌ರ ಹೆಸರಿಗೆ ಕಾರಣವಾದ ಗೇಮ್‌ಗೆ ಬರೋಣ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1987ರಲ್ಲಿ ಹೊರತಂದ 'ಮೆಗಾ ಮ್ಯಾನ್' ಗೇಮ್‌ನ ನಾಯಕ ಒಂದು ಪುಟ್ಟ ನೀಲಿ ರೋಬೋಟ್. ಡಾಕ್ಟರ್ ಲೈಟ್ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಅವನು, ಡಾಕ್ಟರ್ ವೈಲಿ ಎಂಬ ದುಷ್ಟನನ್ನು ಎದುರಿಸಲು ತಾನಾಗಿಯೇ ಯೋಧನಾಗುತ್ತಾನೆ. ಸೋಲಿಸಿದ ಪ್ರತಿಯೊಬ್ಬ ಎದುರಾಳಿಯ ಆಯುಧವೂ ಅವನ ಪಾಲಾಗುತ್ತದೆ. ಈ ಗೇಮ್ ನಡೆಯುತ್ತಿದ್ದದ್ದು ನಿಂಟೆಂಡೊ ಕಂಪನಿಯ ಎಂಟು ಬಿಟ್ ಯಂತ್ರದ ಮೇಲೆ. 90ರ ದಶಕದ ಬೇಸಿಗೆ ರಜೆಯಲ್ಲಿ ನಮ್ಮ ಊರುಗಳ ಮಕ್ಕಳು ಟಿವಿಗೆ ಸಿಕ್ಕಿಸಿಕೊಂಡು 'ಮಾರಿಯೊ', 'ಕಾಂಟ್ರಾ' ಆಡುತ್ತಿದ್ದ ಅಗ್ಗದ ಪೆಟ್ಟಿಗೆಗಳು ಅದೇ ಯಂತ್ರದ ನಕಲುಗಳು. ಆದ್ದರಿಂದ ಆ ದನಿ ಹೇಗಿರುತ್ತದೆ ಎಂದು ನಿಮ್ಮಲ್ಲಿ ಅನೇಕರಿಗೆ ನಾನು ವಿವರಿಸಬೇಕಿಲ್ಲ.

ಆದರೆ ಆ ದನಿ ಹೇಗೆ ಹುಟ್ಟುತ್ತಿತ್ತು ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆ ಯಂತ್ರದ ಚಿಪ್‌ನಲ್ಲಿ ಒಂದು ಹೊತ್ತಿಗೆ ಹೊರಡಬಹುದಾಗಿದ್ದದ್ದು ಐದೇ ಐದು ದನಿಗಳು. ಚೂಪಾದ ಎರಡು ದನಿಗಳು ರಾಗಕ್ಕೆ. ಮೃದುವಾದ ಒಂದು ದನಿ ಸಾಮಾನ್ಯವಾಗಿ ಮಂದ್ರಕ್ಕೆ. ಬರೀ ಸದ್ದಿನಂತಹ ಒಂದು ದನಿ ತಾಳವಾದ್ಯದ ಕೆಲಸಕ್ಕೆ. ಐದನೆಯದು, ಮೊದಲೇ ಮುದ್ರಿಸಿಟ್ಟ ಚಿಕ್ಕ ಶಬ್ದದ ತುಣುಕುಗಳನ್ನು ನುಡಿಸಲಿಕ್ಕೆ. ದೊಡ್ಡ ವಾದ್ಯಮೇಳದ ಆಸರೆ ಇಲ್ಲದ್ದರಿಂದ ಸಂಯೋಜಕರು ರಾಗವನ್ನೇ ನೆಚ್ಚಬೇಕಿತ್ತು, ಅದಕ್ಕೇ ಆ ರಾಗಗಳು ಮೂವತ್ತು ವರ್ಷ ಕಳೆದರೂ ತಲೆಯಿಂದ ಹೋಗುವುದಿಲ್ಲ. ಜತೆಗೆ, ಆಡುವವನು ಒಂದು ಹಂತದಲ್ಲಿ ಎಷ್ಟು ಹೊತ್ತು ಉಳಿಯುತ್ತಾನೆ ಎಂಬುದು ಸಂಯೋಜಕರಿಗೆ ಗೊತ್ತಿರುವುದಿಲ್ಲ; ಆದ್ದರಿಂದ ಆ ಸಂಗೀತ ತುದಿ ಮುಟ್ಟಿದೊಡನೆ ತಾನಾಗಿ ಮೊದಲಿಗೆ ಬಂದು ಸೇರುವಂತೆ ಕಟ್ಟಿರುತ್ತಾರೆ. ಕೂಲ್ ಹರ್ಕ್ ಎರಡು ರೆಕಾರ್ಡ್ ಇಟ್ಟು ಬೆವರು ಸುರಿಸಿ ಸಾಧಿಸಿದ ಲೂಪ್, ವಿಡಿಯೊ ಗೇಮ್ ಸಂಗೀತದಲ್ಲಿ ಹುಟ್ಟಿನಿಂದಲೇ ಇತ್ತು. ದನಿಗಳು ಕಡಿಮೆ ಇದ್ದುದರಿಂದ ಮಾತಿಗೆ ನಡುವೆ ಬೇಕಾದಷ್ಟು ಜಾಗವೂ ಇತ್ತು. ರ‍್ಯಾಪ್‌ಗೆ ಇದಕ್ಕಿಂತ ಒಪ್ಪುವ ಹಾಸು ಎಲ್ಲಿದೆ ಹೇಳಿ! ಇದನ್ನು ಕಂಡುಕೊಳ್ಳಲು ಎರಡೂ ಲೋಕಗಳಲ್ಲಿ ಬೆಳೆದವರೇ ಬೇಕಿತ್ತು. ರಹೀಮ್ ಜಾರ್ಬೊ ಅಂಥವರು.

2006ರಲ್ಲಿ ಅವರ ಮೊದಲ ಆಲ್ಬಂ ಬಂತು. ಮರುವರ್ಷ, 2007ರಲ್ಲಿ, 'ಮೆಗಾ ಮ್ಯಾನ್' ಗೇಮ್‌ಗಳ ಸಂಗೀತದಿಂದ ತುಣುಕುಗಳನ್ನು ಎತ್ತಿಕೊಂಡು, ಕೆಳಗೆ ಭಾರವಾದ ಡ್ರಮ್ ಕೂಡಿಸಿ, ಅದರ ಮೇಲೆ ತಾವು ಬರೆದ ಸಾಲುಗಳನ್ನು ಹಾಡಿ 'ಮೆಗಾ ರ‍್ಯಾನ್' ಎಂಬ ಆಲ್ಬಂ ಹೊರತಂದರು. ಆಗ ಅವರಿನ್ನೂ ಶಿಕ್ಷಕರು. ಹಗಲು ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಪಾಠ ಹೇಳಿ, ಉಳಿದ ಹೊತ್ತಿನಲ್ಲಿ ಸಂಗೀತ ಮಾಡುತ್ತಿದ್ದವರು. ಆ ಆಲ್ಬಂ ಕೇಳುಗರಿಂದ ಕೇಳುಗರಿಗೆ ಹರಡಿ ಕೊನೆಗೆ ಆ ಸಂಗೀತದ ಒಡೆತನವಿದ್ದ ಕ್ಯಾಪ್‌ಕಾಮ್ ಸಂಸ್ಥೆಯವರ ಕಿವಿಗೇ ಬಿತ್ತು, ಮತ್ತು ಅವರು ಈ ಮೇಷ್ಟ್ರನ್ನು ಸಂಪರ್ಕಿಸಿದರು.

ಇಂತಹ ಕಂಪನಿಯಿಂದ ಕರೆ ಬಂದರೆ ಸಂಗೀತಗಾರನ ಗಂಟಲು ಏಕೆ ಒಣಗುತ್ತದೆ ಎಂಬುದು ನಿಮಗೆ ತಿಳಿಯಬೇಕಾದರೆ 1991ಕ್ಕೆ ಹೋಗಬೇಕು. ಬಿಜ್ ಮಾರ್ಕಿ ಎಂಬ ಜನಪ್ರಿಯ ರ‍್ಯಾಪರ್ ಆ ವರ್ಷದ ತಮ್ಮ ಆಲ್ಬಂನಲ್ಲಿ ಗಿಲ್ಬರ್ಟ್ ಒ'ಸಲಿವನ್ ಎಂಬ ಗಾಯಕರ ಹಾಡೊಂದರ ತುಣುಕನ್ನು ಅನುಮತಿ ಇಲ್ಲದೆ ಬಳಸಿದ್ದರು. ಮೊಕದ್ದಮೆ ನ್ಯೂಯಾರ್ಕ್‌ನ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಧೀಶ ಕೆವಿನ್ ಡಫಿ ತಮ್ಮ ತೀರ್ಪನ್ನು ಬೈಬಲಿನ ದಶಾಜ್ಞೆಗಳಲ್ಲಿ ಒಂದಾದ 'ಕದಿಯಬೇಡ' ಎಂಬ ಆಜ್ಞೆಯಿಂದಲೇ ಆರಂಭಿಸಿದರು! ಕಾನೂನಿನ ಸೂಕ್ಷ್ಮಗಳಿಗೆ ಹೋಗದೆ, ಒಬ್ಬ ಸಂಗೀತಗಾರನನ್ನು ಕಳ್ಳನೆಂದು ಕರೆದು ತೆರೆದ ತೀರ್ಪು ಅದು. ಆ ಹಾಡು ಅಂಗಡಿಗಳಲ್ಲಿ ಮಾರಾಟವಾಗುವುದು ನಿಂತಿತು. ಅಲ್ಲಿಂದ ಮುಂದೆ ಅನುಮತಿ ಪಡೆಯದೆ ಯಾರೊಬ್ಬರ ಸಂಗೀತದ ತುಣುಕನ್ನಾದರೂ ಬಳಸುವುದೆಂದರೆ ಕೈಯಾರೆ ಅಪಾಯ ತಂದುಕೊಳ್ಳುವುದು ಎಂದಾಯಿತು. ದೊಡ್ಡ ದೊಡ್ಡ ಕಂಪನಿಗಳೇ ವಕೀಲರನ್ನು ಇಟ್ಟುಕೊಂಡು ಹೆಜ್ಜೆ ಇಡುತ್ತಿದ್ದ ಕಾಲದಲ್ಲಿ, ಸಂಬಳದ ಮೇಷ್ಟ್ರೊಬ್ಬರು ಜಪಾನಿನ ಬೃಹತ್ ಸಂಸ್ಥೆಯ ಸಂಗೀತವನ್ನು ಆಲ್ಬಂ ತುಂಬ ಬಳಸಿಬಿಟ್ಟಿದ್ದರು.

ಕ್ಯಾಪ್‌ಕಾಮ್ ಮೊಕದ್ದಮೆ ಹೂಡಲಿಲ್ಲ. ಆಲ್ಬಂ ತಮಗೆ ಹಿಡಿಸಿದೆ ಎಂದರು, ಅಧಿಕೃತವಾಗಿ ಒಪ್ಪಿಗೆ ಕೊಟ್ಟರು, ಸ್ಯಾನ್ ಡಿಯಾಗೊದಲ್ಲಿ ನಡೆಯುವ ಕಾಮಿಕ್ಸ್ ಪ್ರೇಮಿಗಳ ಹೆಸರಾಂತ ಮೇಳಕ್ಕೂ ಆಹ್ವಾನಿಸಿದರು. ಕಾಲವೂ ಕೂಡಿ ಬಂದಿತ್ತು. ಸಂಸ್ಥೆಯವರು 2008ರಲ್ಲಿ 'ಮೆಗಾ ಮ್ಯಾನ್ 9' ಹೊರತಂದಾಗ, ಆ ಕಾಲದ ಬಲಿಷ್ಠ ಯಂತ್ರಗಳ ಮೇಲೆ ಓಡುವ ಆಟವನ್ನು ಬೇಕೆಂದೇ ಹಳೆಯ ಎಂಟು ಬಿಟ್ ಚಿತ್ರಗಳಲ್ಲಿ, ಹಳೆಯ ಎಂಟು ಬಿಟ್ ದನಿಯಲ್ಲಿ ರೂಪಿಸಿದ್ದರು. ಮೇಷ್ಟ್ರು ಬಾಲ್ಯದ ಪ್ರೀತಿಯಿಂದ ಯಾವ ದನಿಗೆ ಮರಳಿದ್ದರೋ ಆ ದನಿಗೆ ಅದನ್ನು ಹುಟ್ಟಿಸಿದವರೂ ಮರಳುತ್ತಿದ್ದರು. ಆ ಹೊಸ ಗೇಮ್‌ನ ಸಂಗೀತದ ಮೇಲೆ ಜಾರ್ಬೊ 'ಮೆಗಾ ರ‍್ಯಾನ್ 9' ಎಂಬ ಆಲ್ಬಂ ಮಾಡಿದರು, ಈ ಬಾರಿ ಸಂಸ್ಥೆಯ ಬೆಂಬಲದೊಂದಿಗೆ.

ಈ ಪ್ರಸಂಗವನ್ನು ಅದೃಷ್ಟದ ಕಥೆ ಎಂದು ಹೇಳುವವರನ್ನು ನಾನು ಕೇಳಿದ್ದೇನೆ, ನನಗೆ ಅದು ಒಪ್ಪಿಗೆಯಿಲ್ಲ. ಯಾವುದೋ ಗೇಮ್‌ನ ಜನಪ್ರಿಯತೆಯ ಬೆನ್ನು ಹತ್ತಿ ಅವಸರದಲ್ಲಿ ಮಾಡಿದ ಹಾಡುಗಳಾಗಿದ್ದರೆ, ಆ ಗೇಮ್ ಕಟ್ಟಿದವರಿಗೆ ಅದು ಮೊದಲ ಕೇಳುವಿಕೆಯಲ್ಲೇ ಗೊತ್ತಾಗುತ್ತಿತ್ತು. ಆ ನೀಲಿ ರೋಬೋಟ್‌ನ ಜತೆ ಬಾಲ್ಯ ಕಳೆದವನೊಬ್ಬ, ಯಾವ ಹಂತದ ರಾಗ ಎಂತಹ ಭಾವ ಹುಟ್ಟಿಸುತ್ತದೆ ಎಂದು ಬಲ್ಲವನೊಬ್ಬ, ತನ್ನ ಊರಿನ, ತನ್ನ ಬೆಳವಣಿಗೆಯ ಮಾತುಗಳನ್ನು ಅದರೊಳಗೆ ಹೆಣೆದಿರುವುದು ಅವರಿಗೆ ಕೇಳಿಸಿತು. ಒಳಗಿನಿಂದ ಬಲ್ಲ ಬದುಕು ಎಂದು ಆಗಲೇ ಹೇಳಿದೆನಲ್ಲ, ಅದು ಇದೇ. ಅನುಮತಿಯ ವಿಷಯದಲ್ಲಿ ಮಾತ್ರ, ಕೇಳುತ್ತಿರುವ ಎಳೆಯರೇ, ಮೇಷ್ಟ್ರ ದಾರಿ ಹಿಡಿಯಬೇಡಿ. ಮೊದಲು ಕೇಳಿ, ಆಮೇಲೆ ಬಳಸಿ.

ನಿಲಯದವರು ಕೊಟ್ಟ ಸಮಯ ಕರಗುತ್ತಿದೆ, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. 2011ರಲ್ಲಿ ಲಾಸ್ಟ್ ಪರ್ಸೆಪ್ಶನ್ ಎಂಬ ಸಂಗೀತ ನಿರ್ಮಾಪಕರ ಜತೆ ಸೇರಿ 'ಬ್ಲ್ಯಾಕ್ ಮಟೀರಿಯಾ' ಎಂಬ ಆಲ್ಬಂ ಮಾಡಿದರು. ಅದಕ್ಕೆ ಆಧಾರ 1997ರ 'ಫೈನಲ್ ಫ್ಯಾಂಟಸಿ 7' ಗೇಮ್ ಮತ್ತು ಅದಕ್ಕೆ ನೊಬುವೊ ಉಯೆಮಾತ್ಸು ಮಾಡಿದ ಸಂಗೀತ. ಅಲ್ಲಿ ಗೇಮ್‌ನ ಪಾತ್ರಗಳ ಕಥೆಯನ್ನೇ ಹಾಡಿನಿಂದ ಹಾಡಿಗೆ ಕಟ್ಟಿಕೊಡುತ್ತಾರೆ. ಕಥನದ ಹಿಡಿತದಲ್ಲಿ ಅದು ಅವರ ಅತ್ಯುತ್ತಮ ಕೆಲಸ ಎಂಬುದು ನನ್ನ ಅಭಿಪ್ರಾಯ. 2012ರಲ್ಲಿ 'ಲ್ಯಾಂಗ್ವೇಜ್ ಆರ್ಟ್ಸ್' ಎಂಬ ಸರಣಿ ಬಂತು. ಅಮೆರಿಕದ ಶಾಲೆಗಳಲ್ಲಿ ಭಾಷಾ ಪಾಠದ ಪೀರಿಯಡ್‌ಗೆ ಇರುವ ಹೆಸರು ಅದು. ಪಾಠ ಹೇಳಿದವನೇ ಬರೆಯಬಲ್ಲ ಸಂಗತಿಗಳು ಅದರಲ್ಲಿವೆ. ಶಾಲೆಯ ಕೆಲಸ ಬಿಟ್ಟು ಸಂಗೀತವನ್ನೇ ಪೂರ್ಣ ವೃತ್ತಿಯಾಗಿಸಿಕೊಂಡ ಮೇಲೂ ಅವರೊಳಗಿನ ಶಿಕ್ಷಕ ಎಲ್ಲೂ ಹೋಗಿಲ್ಲ. ಅವರ ಹಾಡುಗಳಲ್ಲಿ ಒಂದೊಂದು ಪದವೂ ಬಿಡಿಸಿ ಇಟ್ಟ ಹಾಗೆ ಕೇಳಿಸುತ್ತದೆ. ಹಿಂದಿನ ಬೆಂಚಿನ ಹುಡುಗನಿಗೂ ಮುಟ್ಟುವಂತೆ ಮಾತಾಡಿ ಪಳಗಿದ ದನಿ ಅದು. ಬಾಲ್ಯದಿಂದ ಪ್ರೀತಿಸಿದ ವೃತ್ತಿಪರ ಕುಸ್ತಿಯನ್ನೂ ಹಾಡಿಗೆ ತಂದಿದ್ದಾರೆ, ಆತ್ಮಕಥೆಯನ್ನೂ ಬರೆದಿದ್ದಾರೆ. ವಿಡಿಯೊ ಗೇಮ್ ಮೇಳಗಳಲ್ಲಿ ಅವರ ಕಾರ್ಯಕ್ರಮಕ್ಕೆ ತುಂಬಿದ ಸಭೆ ಇರುತ್ತದೆ. ಗೇಮ್, ತರಗತಿ, ಕುಸ್ತಿ: ಮೂರೂ ಅವರು ಒಳಗಿನಿಂದ ಬಲ್ಲ ಬದುಕೇ.

ತಂದೆತಾಯಿಯರಿಗೆ ಒಂದು ಮಾತು. ನಿಮ್ಮ ಮಗಳು ರ‍್ಯಾಪ್ ಬರೆಯುತ್ತಿದ್ದರೆ ಅದು ಏನು ಸಂಗೀತ ಎಂದು ಮೂಗು ಮುರಿಯುವ ಮೊದಲು, ಯಾವುದರ ಬಗ್ಗೆ ಬರೆದಿದ್ದೀಯ ಎಂದು ಕೇಳಿ. ಅಡಿಕೆ ಸುಲಿಯುವ ಚಪ್ಪರದ ಬಗ್ಗೆಯೋ, ಬೆಳಗಿನ ಬಸ್ಸಿನ ನೂಕುನುಗ್ಗಲಿನ ಬಗ್ಗೆಯೋ, ಮೊಬೈಲಿನ ಗೇಮ್ ಬಗ್ಗೆಯೋ ಬರೆದಿದ್ದರೆ ಸುಮ್ಮನೆ ಕೂತು ಪೂರ್ತಿ ಕೇಳಿ.

ಮೆಗಾ ರ‍್ಯಾನ್‌ರನ್ನು ಎಲ್ಲಿಂದ ಕೇಳಲು ಆರಂಭಿಸಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೂ ಉತ್ತರ ಹೇಳಿಬಿಡುತ್ತೇನೆ. ಮೊದಲು 'ಮೆಗಾ ಮ್ಯಾನ್ 2' ಗೇಮ್‌ನ ಮೂಲ ಸಂಗೀತವನ್ನು, ಇಯರ್‌ಫೋನ್ ಹಾಕಿಕೊಂಡು, ಅದರ ದನಿಗಳನ್ನು ಬಿಡಿಬಿಡಿಯಾಗಿ ಗುರುತಿಸುತ್ತ ಕೇಳಿ. ಆಮೇಲೆ 2007ರ ಆಲ್ಬಂ ಕೇಳಿ. 'ಬ್ಲ್ಯಾಕ್ ಮಟೀರಿಯಾ' ಕೊನೆಗಿರಲಿ, ಮತ್ತು ಅದನ್ನು ನಡುವೆ ನಿಲ್ಲಿಸದೆ ಒಂದೇ ಪಟ್ಟಿನಲ್ಲಿ ಕೇಳಿ. ನಮಸ್ಕಾರ.