ಕಾವೇರಿಯ ಗೂನುಬೆನ್ನಿನ ಮಹಶೀರ್: ಲೆಕ್ಕ ಇಟ್ರು, ಯಾವ ಮೀನು ಅಂತ ನೋಡ್ಲಿಲ್ಲ

(ಸ್ಕ್ರೀನ್ ಮೇಲೆ: ಭೀಮೇಶ್ವರಿ ಹತ್ರ ಕಾವೇರಿ, ಬಂಡೆ ಸಂದೀಲಿ ನುಗ್ಗೋ ನೀರು, ಹರಿಗೋಲು)

ನೂರಿಪ್ಪತ್ತು ಪೌಂಡು. ಅಂದ್ರೆ 54 ಕೆಜಿ, ಒಂದು ಸಿಮೆಂಟ್ ಮೂಟೆಗಿಂತ ಜಾಸ್ತಿ. ಇಷ್ಟು ತೂಕದ ಮೀನನ್ನ 1946ರಲ್ಲಿ ನಮ್ಮ ಕಬಿನೀಲಿ ಬರೀ ಗಾಳದಲ್ಲಿ ಹಿಡಿದಿದ್ರು. ಹಿಡಿದೋರು ಮೈಸೂರಿನ ವ್ಯಾನ್ ಇಂಗನ್ ಮನೆತನದೋರು, ಅದೇ ರಾಜ ಮಹಾರಾಜರು ಹೊಡೆದ ಹುಲಿ ಚಿರತೆ ಚರ್ಮನೆಲ್ಲ ಹದ ಮಾಡಿ, ಜೀವ ಇದೆಯೇನೋ ಅನ್ನೋ ಹಾಗೆ ನಿಲ್ಲಿಸಿಕೊಡ್ತಿದ್ರಲ್ಲ, ಅವರೇ. ಅದಕ್ಕೂ ಮೊದಲು 1919ರಲ್ಲಿ ಕಾವೇರೀಲೇ ಒಬ್ಬ ಬ್ರಿಟಿಷ್ ಆಫೀಸರ್‌ಗೆ 119 ಪೌಂಡಿಂದು ಸಿಕ್ಕಿತ್ತು, ಒಂದೇ ಒಂದು ಪೌಂಡಿಗೆ ರೆಕಾರ್ಡ್ ಹೋಯ್ತು ಪಾಪ.

ಈ ಮೀನೇ ಗೂನುಬೆನ್ನಿನ ಮಹಶೀರ್, ನಮ್ಮ ಕಡೆ ಬಿಳಿಮೀನು ಅಂತಾರಲ್ಲ, ಅದು. ಕಾವೇರಿ ಮತ್ತೆ ಅದರ ಉಪನದಿ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಈಗ ಅಲ್ಲೂ ಹುಡುಕಬೇಕು. ಮೀನು ಹಿಡಿಯೋರಿಂದ ಹಾಳಾಯ್ತಾ, ಇಲ್ಲಾ ಹಿಡಿಯೋದು ನಿಲ್ಲಿಸಿದ್ದಕ್ಕೆ ಹಾಳಾಯ್ತಾ ಅಂತ ದೊಡ್ಡ ಜಗಳ ಇದೆ, ಎರಡು ಕಡೇನೂ ಪೂರ್ತಿ ಸರಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಯಾಕೆ ಅಂತ ಹೇಳ್ತೀನಿ ಕೇಳಿ.

ಬ್ರಿಟಿಷರು ಹೋದ ಮೇಲೆ ಈ ಮೀನನ್ನ ಹೊರಗಿನೋರೆಲ್ಲ ಹೆಚ್ಚುಕಮ್ಮಿ ಮರೆತೇಬಿಟ್ಟಿದ್ರು. 1977-78ರಲ್ಲಿ ಇಂಗ್ಲೆಂಡಿಂದ ಮೂರು ಜನ ಹುಡುಗರು ಮಹಶೀರ್ ಹುಡುಕ್ಕೊಂಡು ಇಂಡಿಯಾ ಸುತ್ತಿ ಕೊನೆಗೆ ಕಾವೇರಿಗೆ ಬಂದು ಗಾಳ ಹಾಕಿದ್ರು, 92 ಪೌಂಡಿನ ಮೀನು ಸಿಕ್ತು. ಸುದ್ದಿ ಹಬ್ಬಿತು. ಆಮೇಲೆ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಅನ್ನೋ ಸಂಸ್ಥೆ ನದಿಯ ಒಂದಷ್ಟು ಉದ್ದ ಗುತ್ತಿಗೆಗೆ ತಗೊಳ್ತು, ಸರ್ಕಾರದ ಜಂಗಲ್ ಲಾಡ್ಜಸ್‌ನೋರು ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಅಂತ ಕ್ಯಾಂಪ್ ಮಾಡಿದ್ರು. ರೂಲ್ ಒಂದೇ: ಹಿಡಿ, ತೂಕ ನೋಡು, ಫೋಟೋ ತೆಗಿ, ವಾಪಸ್ ಬಿಡು.

ಗಾಳಕ್ಕೆ ಏನ್ ಸಿಗಿಸ್ತಿದ್ರು ಗೊತ್ತಾ? ರಾಗಿ ಮುದ್ದೆ! ನಿಜವಾಗ್ಲೂ. ರಾಗಿ ಹಿಟ್ಟನ್ನ ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ, ಬೇಯಿಸಿ, ಆ ಸುಳೀಲೂ ಗಾಳದಿಂದ ಉದುರಬಾರದು ಅಷ್ಟು ಬಿಗಿ ಇರಬೇಕು. ಒಳಗೆ ಏನೇನ್ ಮಸಾಲೆ ಹಾಕ್ತಿದ್ರು ಅನ್ನೋದು ಒಬ್ಬೊಬ್ಬ ಗೈಡ್‌ದು ಒಂದೊಂದು ಗುಟ್ಟು. ಹೊರದೇಶದಿಂದ ಲಕ್ಷಾಂತರ ರೂಪಾಯಿ ರಾಡು ರೀಲು ಹೊತ್ಕೊಂಡು ಬಂದೋರು ಕೊನೆಗೆ ಮಂಡ್ಯದ ಮುದ್ದೆಗೆ ಶರಣು, ಇದು ನಂಗೆ ಭಾರಿ ಖುಷಿ ಕೊಡೋ ವಿಷಯ.

ಮೀನು ಕಚ್ಚಿದ ಮೇಲೆ ಇನ್ನೊಂದು ಆಟ. ಅದು ಸೀದಾ ನೀರು ಹರಿಯೋ ಕಡೆಗೆ ಓಡುತ್ತೆ, ನೂರಾರು ಅಡಿ ದಾರ ಎಳ್ಕೊಂಡು ಹೋಗಿ ಬಂಡೆ ಸಂದೀಲಿ ಸಿಗಿಸಿಬಿಡುತ್ತೆ. ಆಗ ಹರಿಗೋಲು ಹತ್ತಬೇಕು, ಗೈಡ್ ಹುಟ್ಟು ಹಾಕ್ತಾ ಮೀನಿನ ಹಿಂದೇನೇ ಹೋಗಿ ದಾರ ಬಿಡಿಸ್ಕೊಡಬೇಕು. ಆ ಮಡುಗಳಲ್ಲಿ ಮೊಸಳೆ ಬೇರೆ ಇದಾವೆ, ಸಂಜೆ ಆದ್ರೆ ಆನೆ ನೀರಿಗೆ ಇಳಿಯುತ್ತೆ, ಹಂಗಾಗಿ ನದಿ ಗೊತ್ತಿರೋ ಊರಿನೋರು ಇಲ್ದೆ ಹೊರಗಿನೋರಿಗೆ ಏನೂ ಆಗ್ತಿರ್ಲಿಲ್ಲ.

ಈಗ ಮುಖ್ಯ ವಿಷಯ. ಈ ಗೈಡ್‌ಗಳು ಯಾರು? ಎಷ್ಟೋ ಜನ ಮುಂಚೆ ಇದೇ ನದೀಲಿ ಕದ್ದು ಮೀನು ಹಿಡೀತಿದ್ದೋರು. ಆಗ ನದಿಗೆ ದೊಡ್ಡ ಶಾಪ ಅಂದ್ರೆ ಸಿಡಿಮದ್ದು. ಮಡುವಿಗೆ ಒಂದು ಎಸೆದ್ರೆ ಆ ಹೊಡೆತಕ್ಕೆ ಮೀನಿನ ಹೊಟ್ಟೇಲಿರೋ ಗಾಳಿಚೀಲ ಒಡೆದುಹೋಗುತ್ತೆ, ದೊಡ್ಡದು, ಮರಿ, ಬೇಕಾದ್ದು, ಬೇಡದ್ದು ಎಲ್ಲ ಒಟ್ಟಿಗೆ ಸಾಯುತ್ತೆ, ಅದ್ರಲ್ಲಿ ಎಷ್ಟೋ ತೇಲೋದೂ ಇಲ್ಲ, ತಳಕ್ಕೆ ಹೋಗಿ ಕೊಳೆಯುತ್ತೆ. ಇದು 1897ರ ಫಿಶರೀಸ್ ಕಾಯ್ದೆಯಿಂದ್ಲೇ ಅಪರಾಧ, ಆದ್ರೆ ಕಾಡಿನ ನಡುವೆ ನೋಡೋರು ಯಾರು? ಕ್ಯಾಂಪ್ ಬಂದ್ಮೇಲೆ ನೋಡೋರು ಬಂದ್ರು. ಅದೇ ಹುಡುಗರಿಗೆ ಸಂಬಳ ಸಿಕ್ತು, ಜೀವಂತ ಮೀನಿದ್ರೆ ತಾನೆ ಗಿರಾಕಿ ಬರೋದು, ಹಂಗಾಗಿ ಅವರೇ ರಾತ್ರಿ ಕಾವಲು ಕಾದ್ರು.

ಇದು ಒಂದು ಮುಖ. ಇನ್ನೊಂದು ಮುಖಾನ ಕ್ಯಾಂಪ್ ಪರ ಮಾತಾಡೋರು ಬೇಗ ಹೇಳಲ್ಲ.

(ಸ್ಕ್ರೀನ್ ಮೇಲೆ: ಎರಡು ಮೀನಿನ ಚಿತ್ರ ಪಕ್ಕ ಪಕ್ಕ)

ಎಡಗಡೆ ನಮ್ಮ ಗೂನುಬೆನ್ನು, ತಲೆ ದಾಟಿದ ತಕ್ಷಣ ಬೆನ್ನು ಎದ್ದು ನಿಂತಿದೆ, ರೆಕ್ಕೆ ಕಿತ್ತಳೆ ಬಣ್ಣ. ಬಲಗಡೆ ನೀಲಿ ರೆಕ್ಕೆ ಮಹಶೀರ್. ಇದು ಕೃಷ್ಣಾ ಕಡೆ ಮೀನು, ಇದನ್ನ ವಿಜ್ಞಾನಿಗಳು ಮೊದಲು ಗುರುತಿಸಿದ್ದು ಪುಣೆ ಹತ್ರದ ಮುಳಾ-ಮುಠಾ ನದೀಲಿ. ಇದನ್ನ ಲೋನಾವಳದಲ್ಲಿ ಟಾಟಾ ಪವರ್‌ನೋರು ತಮ್ಮ ಹ್ಯಾಚರೀಲಿ ಮರಿ ಮಾಡಿಸೋಕೆ ಶುರು ಮಾಡಿದ್ರು, ಮಹಶೀರ್ ಉಳೀಲಿ ಅನ್ನೋ ಒಳ್ಳೆ ಮನಸ್ಸಿಂದ್ಲೇ. 1970ರ ದಶಕದಿಂದ ಆ ಮರಿಗಳು ಕಾವೇರಿಗೂ ಬಂದ್ವು. ಆಗ ಎಲ್ಲರಿಗೂ ಮಹಶೀರ್ ಅಂದ್ರೆ ಮಹಶೀರ್ ಅಷ್ಟೆ, ಗಾಳ ಹಾಕೋರಿಗೂ ಖುಷಿ, ಇಲಾಖೆಗೂ ಖುಷಿ.

ಇದರ ಪರಿಣಾಮ ಎಲ್ಲಿ ಕಾಣಿಸ್ತು ಅಂದ್ರೆ ಗಾಳಿಬೋರೆ ಕ್ಯಾಂಪಿನ ರಿಜಿಸ್ಟರ್‌ನಲ್ಲಿ. ಅಲ್ಲಿ 1998ರಿಂದ 2012ರವರೆಗೆ ಯಾರು ಎಷ್ಟು ಗಂಟೆ ಗಾಳ ಹಾಕಿದ್ರು, ಎಷ್ಟು ತೂಕದ್ದು ಸಿಕ್ತು ಎಲ್ಲ ಬರೆದಿಟ್ಟಿದ್ರು, ಒಟ್ಟು ಆರು ಸಾವಿರಕ್ಕೂ ಜಾಸ್ತಿ ಮೀನು. ವಿಜ್ಞಾನಿಗಳು ಕೂತು ಅದನ್ನ ಬಿಡಿಸಿದ್ರು. ಮೇಲ್ನೋಟಕ್ಕೆ ಸೂಪರ್, ಮೀನು ಸಿಗೋ ಪ್ರಮಾಣ ಜಾಸ್ತಿ ಆಗ್ತಾ ಹೋಗಿದೆ. ಆದ್ರೆ ಬಣ್ಣದ ಪ್ರಕಾರ ಬೇರೆ ಮಾಡಿ ನೋಡಿದ್ರೆ ಜಾಸ್ತಿ ಆಗಿರೋದೆಲ್ಲ ನೀಲಿ ರೆಕ್ಕೇದು, ನಮ್ಮದು ಕರಗ್ತಾ ಬಂದಿದೆ. ಅಂದ್ರೆ ಕಾವಲು ಚೆನ್ನಾಗೇ ನಡೀತಿತ್ತು, ಆ ಕಾವಲಲ್ಲಿ ಬೆಳೆದಿದ್ದು ಮಾತ್ರ ಹೊರಗಿಂದ ತಂದು ಬಿಟ್ಟ ಮೀನು. ಹಾಗಂತ ಎಲ್ಲಾನೂ ಅದರ ತಲೆಗೆ ಕಟ್ಟೋಕಾಗಲ್ಲ, ಅಣೆಕಟ್ಟು ಇದೆ, ಮರಳು ದಂಧೆ ಇದೆ, ಮಳೆಗಾಲದಲ್ಲಿ ಮೇಲಕ್ಕೆ ಹತ್ತಿ ಜಲ್ಲಿಕಲ್ಲಿನ ಜಾಗದಲ್ಲಿ ಮೊಟ್ಟೆ ಇಡೋ ಮೀನಿಗೆ ದಾರೀನೂ ಇಲ್ಲ, ಜಲ್ಲೀನೂ ಇಲ್ಲ ಅನ್ನೋ ಹಾಗಾದ್ರೆ ಏನ್ ಮಾಡುತ್ತೆ.

ಇನ್ನೊಂದು ತಮಾಷೆ ಅಲ್ಲದ ತಮಾಷೆ. ಇಷ್ಟು ಹೆಸರುವಾಸಿ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರ್ಲಿಲ್ಲ! 2007ರಲ್ಲಿ ಕೇರಳದ ಪಾಂಬಾರ್ ಹೊಳೇಲಿ, ಅದೂ ಕಾವೇರಿಗೇ ಸೇರೋ ನೀರು, ಸಿಕ್ಕಿದ ಸಣ್ಣ ಮಹಶೀರ್‌ಗೆ ಟಾರ್ ರೆಮಾದೇವಿ ಅಂತ ಹೆಸರಿಟ್ಟಿದ್ರು. ಆ ಚಿಕ್ಕ ಮೀನೂ ಈ ದೈತ್ಯನೂ ಒಂದೇ ಜಾತಿ ಅಂತ ಸಾಬೀತಾಗಿದ್ದು 2018ರಲ್ಲಿ. ಹೆಸರು ಇಲ್ದಿದ್ರೆ ಐಯುಸಿಎನ್ ಕೆಂಪು ಪಟ್ಟೀಲಿ, ಅಂದ್ರೆ ಯಾವ ಜೀವಿ ಅಳಿವಿಗೆ ಎಷ್ಟು ಹತ್ರ ಇದೆ ಅಂತ ಹೇಳೋ ಜಾಗತಿಕ ಪಟ್ಟೀಲಿ, ಸೇರಿಸೋಕಾಗಲ್ಲ, ಹೆಸರು ಗಟ್ಟಿಯಾಗಿದ್ದೇ ತಡ ಅದೇ ವರ್ಷ ಸೀದಾ ಅತ್ಯಂತ ಅಪಾಯದ ದರ್ಜೆಗೆ ಹೋಯ್ತು.

ಅಷ್ಟರಲ್ಲಿ ಕ್ಯಾಂಪುಗಳ ಗಾಳದ ಆಟ ಮುಗಿದಿತ್ತು. ಆ ಜಾಗ 1987ರಿಂದ ಕಾವೇರಿ ವನ್ಯಜೀವಿ ಧಾಮ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಮೋಜಿಗೆ ಮೀನು ಹಿಡಿಯೋದು, ಬಿಟ್ರೂ ಸರಿ ಬಿಡದಿದ್ರೂ ಸರಿ, ನಿಲ್ಲಬೇಕು ಅಂತ ಆಗಿ 2012ರ ಹೊತ್ತಿಗೆ ಪೂರ್ತಿ ಬಂದ್. ಕಾನೂನಿನ ಲೆಕ್ಕದಲ್ಲಿ ಅದು ಸರೀನೇ ಇರಬಹುದು, ಆದ್ರೆ ಕಾವಲು ಕಾಯ್ತಿದ್ದ ಆ ಗೈಡ್‌ಗಳ ಜಾಗಕ್ಕೆ ಅಷ್ಟೇ ಜನರನ್ನ ಮೊದಲೇ ಇಟ್ಟು ಆಮೇಲೆ ನಿಲ್ಲಿಸಬೇಕಿತ್ತು ಅಂತ ನಂಗನ್ಸುತ್ತೆ. ಈಗ ಅಲ್ಲಿ ಹೋದ್ರೆ ಹರಿಗೋಲು, ಕಯಾಕಿಂಗ್, ಜಿಪ್‌ಲೈನ್. ಅದೇ ಕಣಿವೇಲಿ ಮೇಕೆದಾಟು ಅಣೆಕಟ್ಟಿನ ಪ್ರಸ್ತಾಪ ಬೇರೆ ಇದೆ, 67 ಟಿಎಂಸಿ ನೀರು ನಿಂತ್ರೆ ಹರಿಯೋ ನದಿ ಬೇಕು ಅನ್ನೋ ಮೀನಿನ ಗತಿ ಏನು ಅನ್ನೋದು ರಾಜಕೀಯದ ಗಲಾಟೇಲಿ ಯಾರಿಗೂ ಕೇಳಿಸ್ತಿಲ್ಲ. ಸದ್ಯಕ್ಕೆ ಈ ಮೀನು ಇದೆ ಅಂತ ಗಟ್ಟಿಯಾಗಿ ಹೇಳೋಕಾಗೋ ಜಾಗಗಳಲ್ಲಿ ಮುಖ್ಯವಾದ್ದು ನೀಲಗಿರಿ ಕೆಳಗಿನ ಮೋಯಾರ್ ನದಿ.

ಗಾಳದ ಹುಚ್ಚಿರೋರಿಗೆ ಒಂದೆರಡು ಮಾತು. ಅಭಯಾರಣ್ಯದೊಳಗೆ ರಾಡ್ ತಗೊಂಡು ಹೋಗ್ಬೇಡಿ, ಕೇಸ್ ಆಗುತ್ತೆ. ರಾಮನಾಥಪುರ, ಶೃಂಗೇರಿ, ಶಿಶಿಲದಲ್ಲಿ ಇರೋದು ದೇವರ ಮೀನು, ಅಲ್ಲಿ ಯೋಚ್ನೇನೂ ಮಾಡ್ಬೇಡಿ. ಕೊಡಗಿನ ವಾಲ್ನೂರು ಹತ್ರ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಲೈಸೆನ್ಸ್ ಕೊಟ್ಟು ಆ್ಯಂಗ್ಲಿಂಗ್ ಮಾಡಿಸ್ಕೊಂಡು ಬಂದಿದೆ, ಹೋಗೋ ಮುಂಚೆ ಈಗಿನ ರೂಲ್ಸ್ ಏನಿದೆ ಅಂತ ಅವರನ್ನೇ ಕೇಳಿ. ತುದೀಲಿ ಹಿಂದಕ್ಕೆ ಚಾಚಿರೋ ಮುಳ್ಳು ಇಲ್ಲದ ಗಾಳ ಹಾಕಿ, ಇಲ್ಲಾ ಇಕ್ಕಳದಲ್ಲಿ ಆ ಮುಳ್ಳನ್ನ ಅಮುಕಿಬಿಡಿ. ಕೈ ಒದ್ದೆ ಮಾಡ್ಕೊಳ್ದೆ ಮೀನು ಮುಟ್ಟಬೇಡಿ, ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತೆ, ಆಮೇಲೆ ರೋಗ ಹತ್ತುತ್ತೆ. ಕಿವಿರಿಗೆ ಬೆರಳು ಹಾಕಿ ಎತ್ತಿ ಸೆಲ್ಫಿ ತಗೊಳ್ಳೋದಂತೂ ಬೇಡ್ವೇ ಬೇಡ, ಫೋಟೋ ಬೇಕಾದ್ರೆ ಮೀನು ನೀರಲ್ಲೇ ಇರ್ಲಿ, ನೀವು ಇಳೀರಿ. ಫೋಟೋದಲ್ಲಿ ಬೆನ್ನೂ ರೆಕ್ಕೆಯ ಬಣ್ಣಾನೂ ಕಾಣಬೇಕು. ಕಿತ್ತಳೆ ರೆಕ್ಕೆ, ಎದ್ದ ಬೆನ್ನು ಕಂಡ್ರೆ ಜಾಗದ ಹೆಸರನ್ನ ಇನ್‌ಸ್ಟಾದಲ್ಲಿ ಹಾಕ್ಬೇಡಿ, ಮಹಶೀರ್ ಮೇಲೆ ಕೆಲಸ ಮಾಡೋ ವಿಜ್ಞಾನಿಗಳಿಗೆ ಕಳಿಸಿ.