ಎದ್ದು ನಿಂತಾಗ ಬಿಪಿ ಬೀಳದ ಹಾಗೆ ನೋಡಿಕೊಳ್ಳುವುದು ಯಾರು?

[ದೃಶ್ಯ: ಮಣಿಕಟ್ಟಿನ ಮೇಲೆ ಎರಡು ಬೆರಳು, ತೀರಾ ಹತ್ತಿರದಿಂದ]

ನಮಸ್ಕಾರ. ವಿಡಿಯೋ ನೋಡುತ್ತಲೇ ಒಂದು ಕೆಲಸ ಮಾಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿ. ಸಿಕ್ಕಿತಾ? ಈಗ ನಿಧಾನವಾಗಿ ಉಸಿರು ಎಳೆದುಕೊಳ್ಳಿ. ಅಷ್ಟೇ ನಿಧಾನವಾಗಿ ಬಿಡಿ. ಇನ್ನೊಂದು ಸಲ.

ಉಸಿರು ಎಳೆದುಕೊಳ್ಳುವಾಗ ನಾಡಿ ಸ್ವಲ್ಪ ಬೇಗ ಬೇಗ ಬಡಿಯುತ್ತದೆ, ಬಿಡುವಾಗ ನಿಧಾನ ಆಗುತ್ತದೆ. ಚಿಕ್ಕ ವಯಸ್ಸಿನವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ, ವಯಸ್ಸಾದಂತೆ ಕಡಿಮೆ. ಹೆದರಬೇಡಿ, ಇದು ಕಾಯಿಲೆ ಅಲ್ಲ. ಮೆದುಳಿನ ಕಾಂಡ ಹೃದಯವನ್ನು ಹಿಡಿದು ಬಿಟ್ಟು ಮಾಡುತ್ತಿರುವುದು ನಿಮ್ಮ ಬೆರಳಿಗೇ ತಗುಲುತ್ತಿದೆ.

[ದೃಶ್ಯ: ತಲೆಯ ಪಕ್ಕದ ನೋಟದ ಚಿತ್ರ, ಮೆದುಳಿನ ಕಾಂಡಕ್ಕೆ ಬಣ್ಣ]

ಮೆದುಳು ಕೆಳಗಿಳಿದು ಬೆನ್ನುಹುರಿಗೆ ಕೂಡುವ ಜಾಗ ಇದೆಯಲ್ವಾ, ಅದೇ ಮೆದುಳಿನ ಕಾಂಡ. ಅದರ ತುದಿಯ ಭಾಗದ ಹೆಸರು ಮೆಡುಲ್ಲಾ. ಉದ್ದ ಸುಮಾರು 3 ಸೆಂಟಿಮೀಟರ್, ಅಷ್ಟೇ.

ಹೃದಯ ಬಡಿಯಲಿ ಅಂತ ಮೆದುಳು ಪ್ರತಿ ಸಲ ಅಪ್ಪಣೆ ಕೊಡುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಹೃದಯಕ್ಕೆ ಅದರದ್ದೇ ಪೇಸ್‌ಮೇಕರ್ ಇದೆ, ಅಂದರೆ ತಾನಾಗಿಯೇ ಬಡಿತ ಹುಟ್ಟಿಸುವ ಜೀವಕೋಶಗಳ ಗುಂಪು. ನರಗಳ ಸಂಪರ್ಕವೇ ಇಲ್ಲದಿದ್ದರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಇದನ್ನು ನೇರವಾಗಿ ನೋಡಬಹುದು. ಹೊಸ ಹೃದಯದ ನರಗಳು ಕತ್ತರಿಸಿರುತ್ತವೆ, ಹಾಗಾಗಿ ಸುಮ್ನೆ ಕೂತಿದ್ದರೂ ಅವರ ನಾಡಿ 90ರಿಂದ 110ರ ಆಸುಪಾಸು ಇರುತ್ತದೆ.

ಹಾಗಾದರೆ ನಮ್ಮದು 70ರ ಹತ್ತಿರ ಇರುವುದು ಹೇಗೆ? ಮೆಡುಲ್ಲಾದಿಂದ ಹೊರಡುವ ವೇಗಸ್ ನರ ಹಗಲೂ ರಾತ್ರಿ ಹೃದಯಕ್ಕೆ ಬ್ರೇಕ್ ಹಾಕಿಕೊಂಡೇ ಇರುತ್ತದೆ. ಮೆಟ್ಟಿಲು ಹತ್ತಲು ಶುರು ಮಾಡಿದಾಗ ಮೊದಲು ಆಗುವುದು ಈ ಬ್ರೇಕ್ ಸಡಿಲವಾಗುವುದು. ಅದು ಒಂದೆರಡು ಬಡಿತದೊಳಗೇ ಆಗಿಬಿಡುತ್ತದೆ. ವೇಗ ಏರಿಸುವ ಸಿಂಪಥೆಟಿಕ್ ನರಗಳ ಕೆಲಸ ಕಾಣಿಸಲು ಇನ್ನೂ ಕೆಲವು ಸೆಕೆಂಡು ಬೇಕು.

[ದೃಶ್ಯ: ಎರಡು ಗಾಜಿನ ಪಾತ್ರೆ, ಎರಡು ಕಪ್ಪೆ ಹೃದಯ]

ವೇಗಸ್ ಈ ಕೆಲಸವನ್ನು ಹೇಗೆ ಮಾಡುತ್ತದೆ ಎಂದು 1921ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ವಿಜ್ಞಾನಿ ಆಟ್ಟೋ ಲೋವಿ ತೋರಿಸಿದರು. ಒಂದು ಕಪ್ಪೆಯ ಹೃದಯದ ವೇಗಸ್ ನರಕ್ಕೆ ವಿದ್ಯುತ್ ಕೊಟ್ಟರು, ಬಡಿತ ನಿಧಾನವಾಯಿತು. ಆ ಹೃದಯ ಇದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದೂ ನಿಧಾನವಾಯಿತು! ಅಂದರೆ ನರ ಒಂದು ರಾಸಾಯನಿಕವನ್ನು ಬಿಡುತ್ತದೆ. ಅದೇ ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿಗೆ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು. ಇಷ್ಟು ಸರಳವಾದ, ಇಷ್ಟು ಚೆಂದದ ಪ್ರಯೋಗ ನನಗೆ ಇನ್ನೊಂದು ಗೊತ್ತಿಲ್ಲ.

[ದೃಶ್ಯ: ನೆಲದ ಮೇಲೆ ಕೂತವರು ಎದ್ದು ನಿಲ್ಲುತ್ತಾರೆ]

ಈಗ ರಕ್ತನಾಳಗಳ ವಿಷಯ. ನೀವು ಎದ್ದು ನಿಂತ ಕೂಡಲೇ 500ರಿಂದ 800 ಮಿಲಿಲೀಟರ್ ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆ, ಒತ್ತಡವೂ ಕಡಿಮೆ. ಹಾಗೇ ಬಿಟ್ಟರೆ ನಿಂತಲ್ಲೇ ಕುಸಿಯುತ್ತೇವೆ.

ಕತ್ತಿನಲ್ಲಿ, ದವಡೆಯ ಕೆಳಗೆ, ಕೆರೋಟಿಡ್ ಅಪಧಮನಿ ಎರಡಾಗಿ ಒಡೆಯುವ ಜಾಗದಲ್ಲಿ ನಾಳದ ಗೋಡೆ ಎಷ್ಟು ಹಿಗ್ಗಿತು ಎಂದು ಗಮನಿಸುವ ನರತುದಿಗಳಿವೆ. ಮಹಾಪಧಮನಿಯ ಬಾಗಿನಲ್ಲೂ ಇವೆ. ಇವು ಪ್ರತಿ ಬಡಿತದ ವರದಿಯನ್ನು ಮೆಡುಲ್ಲಾಕ್ಕೆ ಕಳಿಸುತ್ತವೆ. (ಕತ್ತಿನ ಆ ಜಾಗವನ್ನು ಮನೆಯಲ್ಲಿ ಒತ್ತಿ ನೋಡಲು ಹೋಗಬೇಡಿ. ನಾಡಿ ತೀರಾ ನಿಧಾನವಾಗಿ ಪ್ರಜ್ಞೆ ತಪ್ಪಬಹುದು.)

ವರದಿ ಮೊದಲು ತಲುಪುವ ನರಕೋಶಗಳ ಗುಂಪಿಗೆ ವೈದ್ಯರು ಎನ್‌ಟಿಎಸ್ ಎನ್ನುತ್ತಾರೆ. ಮೆಡುಲ್ಲಾದಲ್ಲೇ ಇರುವ ಇನ್ನೊಂದು ಗುಂಪು ಆರ್‌ವಿಎಲ್‌ಎಂ. ಅದು ಬೆನ್ನುಹುರಿಯ ಮೂಲಕ ಸದಾ ಸಂಕೇತ ಕಳಿಸುತ್ತಾ ರಕ್ತನಾಳಗಳನ್ನು ಸ್ವಲ್ಪ ಬಿಗಿಯಾಗಿಯೇ ಇಟ್ಟಿರುತ್ತದೆ. ಹೆಚ್ಚಿನ ರಕ್ತನಾಳಗಳಿಗೆ ವೇಗಸ್ ನರದ ಎಳೆ ಹೋಗುವುದೇ ಇಲ್ಲ. ಹಾಗಾಗಿ ಅವನ್ನು ಸಡಿಲ ಮಾಡಬೇಕಾದರೆ ಆರ್‌ವಿಎಲ್‌ಎಂ ಅನ್ನು ತಣ್ಣಗಾಗಿಸಬೇಕು. ಒತ್ತಡ ಏರಿದಾಗ ಎನ್‌ಟಿಎಸ್ ಮಾಡಿಸುವುದು ಅದನ್ನೇ, ನಡುವೆ ಇರುವ ಮತ್ತೊಂದು ಗುಂಪಿನ ಕೈಯಲ್ಲಿ.

ಎದ್ದು ನಿಂತಾಗ ಇದೆಲ್ಲ ಉಲ್ಟಾ. ನಾಳದ ಗೋಡೆ ಹಿಗ್ಗುವುದು ಕಡಿಮೆ, ವರದಿ ಕಡಿಮೆ, ಆರ್‌ವಿಎಲ್‌ಎಂ ಮೇಲಿನ ತಡೆ ಕಡಿಮೆ. ಅದು ಜೋರಾಗುತ್ತದೆ, ನಾಳಗಳು ಬಿಗಿಯಾಗುತ್ತವೆ, ನಾಡಿ ಏರುತ್ತದೆ. ಕೆಲವೇ ಸೆಕೆಂಡಿನಲ್ಲಿ ಒತ್ತಡ ಸರಿ. ನಮಗೆ ಏನೂ ಗೊತ್ತಾಗುವುದಿಲ್ಲ, ಅಥವಾ ಒಂದು ಕ್ಷಣ ಕಣ್ಣು ಕತ್ತಲೆ ಬಂದು ಹೋಗುತ್ತದೆ.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತದೆ. ಬಿಪಿ ತುಂಬಾ ಕಾಲ ಜಾಸ್ತಿ ಇದ್ದರೆ ಈ ನರತುದಿಗಳು ಅದಕ್ಕೇ ಹೊಂದಿಕೊಳ್ಳುತ್ತವೆ. 160 ಇದ್ದರೂ ಮೆಡುಲ್ಲಾಕ್ಕೆ ಹೋಗುವ ವರದಿ ‘ಎಲ್ಲ ಸರಿ ಇದೆ’ ಅಂತಲೇ. ಬಿಪಿ ಇರುವ ಎಷ್ಟೋ ಜನರಿಗೂ ಏನೂ ಅನ್ನಿಸುವುದಿಲ್ಲ, ಅಳೆದಾಗಲೇ ಗೊತ್ತಾಗುವುದು.

ವಯಸ್ಸಾದವರಲ್ಲಿ, ಶುಗರ್ ಇದ್ದು ನರ ದುರ್ಬಲವಾದವರಲ್ಲಿ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಲ್ಲಿ ಎದ್ದಾಗ ಒತ್ತಡ ಬೇಗ ಸರಿಹೋಗದೇ ಇರಬಹುದು. ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಅಮ್ಮನಿಗೋ ತಾತನಿಗೋ ತಲೆ ಸುತ್ತುತ್ತಿದ್ದರೆ, ಎರಡು ನಿಮಿಷ ಮಂಚದ ಅಂಚಿನಲ್ಲಿ ಕೂತು ಆಮೇಲೆ ಏಳಲು ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ 3 ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಲು ಕೇಳಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದಿದ್ದರೆ, ಮಾತ್ರೆಗಳನ್ನೆಲ್ಲ ಒಮ್ಮೆ ಮತ್ತೆ ನೋಡಬೇಕೇ ಎಂದು ಅವರನ್ನೇ ಕೇಳಿ.