ಎಂ82ರಲ್ಲಿ ವರ್ಷಕ್ಕೆ ಎಷ್ಟು ನಕ್ಷತ್ರ ಹುಟ್ಟುತ್ತವೆ?

ಈಗ ಸ್ಕ್ರೀನ್ ಮೇಲೆ ಇರುವುದು ಎಂ82 ಎಂಬ ಗೆಲಾಕ್ಸಿ. ಸಪ್ತರ್ಷಿ ಮಂಡಲದ ಕಡೆಗೆ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ನಡುವಿನಿಂದ ಮೇಲಕ್ಕೂ ಕೆಳಕ್ಕೂ ಕೆಂಪು ಎಳೆಗಳು ಚಿಮ್ಮಿವೆ ನೋಡಿ, ಅದು ಹೈಡ್ರೋಜನ್ ಅನಿಲ.

ಇಲ್ಲಿ ವರ್ಷಕ್ಕೆ ಸುಮಾರು 10 ಸೂರ್ಯರಷ್ಟು ಅನಿಲ ನಕ್ಷತ್ರವಾಗುತ್ತಿದೆ. ಇದಕ್ಕಿಂತ ಎಷ್ಟೋ ದೊಡ್ಡದಾದ ನಮ್ಮ ಆಕಾಶಗಂಗೆಯಲ್ಲಿ ಒಂದೋ ಎರಡೋ ಸೂರ್ಯರಷ್ಟು, ಅಷ್ಟೇ! ಆದರೆ ಒಂದು ನಕ್ಷತ್ರ ಹುಟ್ಟೋಕೇ ಲಕ್ಷಾಂತರ ವರ್ಷ ಬೇಕು, ಯಾರೂ ಕೂತು ಎಣಿಸಿಲ್ಲ ಅಲ್ವಾ?

ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಇದೂ ಹಾಗೇ, ಆದರೆ ಇಲ್ಲಿ ಹಿಸುಕುವುದು ದಪ್ಪ ಅಗುಳನ್ನು ಮಾತ್ರ. ತುಂಬಾ ದೊಡ್ಡ ನಕ್ಷತ್ರಗಳು ಒಂದು ಕೋಟಿ ವರ್ಷದೊಳಗೇ ಉರಿದು ಮುಗಿಯುತ್ತವೆ. ಹಾಗಾಗಿ ಅವು ಕಂಡರೆ ಮೊನ್ನೆ ಮೊನ್ನೆ ಹುಟ್ಟಿದವು ಅಂತಲೇ ಅರ್ಥ. ಅವುಗಳ ನೇರಳಾತೀತ ಬೆಳಕು ಸುತ್ತಲಿನ ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕೀಳುತ್ತದೆ, ಅದು ಮತ್ತೆ ಬಂದು ಸೇರುವಾಗ 656 ನ್ಯಾನೋಮೀಟರ್‌ನ ಕೆಂಪು ಬೆಳಕು ಬರುತ್ತದೆ. ಇದೇ ಎಚ್-ಆಲ್ಫಾ. ಇದನ್ನು ಅಳೆದು, ಇಷ್ಟು ದೊಡ್ಡವು ಇದ್ದರೆ ಚಿಕ್ಕವು ಇಷ್ಟಿರಬೇಕು ಅಂತ ಲೆಕ್ಕ ಹಾಕುತ್ತಾರೆ. ಈ 'ಇರಬೇಕು' ನನಗೆ ಸ್ವಲ್ಪ ಕಸಿವಿಸಿ, ಆದರೆ ಸದ್ಯಕ್ಕೆ ಬೇರೆ ದಾರಿ ಇಲ್ಲ.

ನೇರಳಾತೀತವನ್ನೇ ನೇರವಾಗಿ ಅಳೆದರೆ ಕಳೆದ ಸುಮಾರು ಹತ್ತು ಕೋಟಿ ವರ್ಷಗಳಲ್ಲಿ ಹುಟ್ಟಿದವುಗಳ ಲೆಕ್ಕ ಸಿಗುತ್ತದೆ. ನಮ್ಮ ವಾತಾವರಣ ಅದನ್ನು ತಡೆಯುವುದರಿಂದ ಬಾಹ್ಯಾಕಾಶಕ್ಕೇ ಹೋಗಬೇಕು. 2015ರಲ್ಲಿ ಹಾರಿದ ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ಇಂಥದ್ದೊಂದು ದೂರದರ್ಶಕ ಇದೆ, ಯುವಿಐಟಿ. ಅದನ್ನು ಕಟ್ಟುವ ಕೆಲಸದ ಮುಂದಾಳತ್ವ ನಮ್ಮ ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯದು.

ಇಷ್ಟಾದರೂ ಎಂ82 ಕೈಕೊಡುತ್ತದೆ. ಅದರ ನಡುವೆ ಧೂಳೋ ಧೂಳು. ನೇರಳಾತೀತ ಬೆಳಕಿನ ಬಹುಪಾಲನ್ನು ಆ ಧೂಳೇ ನುಂಗಿಬಿಡುತ್ತದೆ. ಅದೊಂದನ್ನೇ ನಂಬಿದರೆ, ಇಲ್ಲಿ ಏನೂ ಜಾಸ್ತಿ ನಡೆಯುತ್ತಿಲ್ಲ ಅನ್ನಿಸುತ್ತದೆ. ಆದರೆ ನುಂಗಿದ ಧೂಳು ಬಿಸಿಯಾಗಿ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಹೊಳೆಯುತ್ತದೆ. 1983ರಲ್ಲಿ ಐರಾಸ್ ಉಪಗ್ರಹ ಆಕಾಶವನ್ನು ಅವಕೆಂಪಿನಲ್ಲಿ ಜಾಲಾಡಿದಾಗ ಎಂ82 ಧಗಧಗ ಅಂತಿತ್ತು. ಈಗ ಎರಡೂ ಬೆಳಕನ್ನು ಕೂಡಿಸಿಯೇ ಲೆಕ್ಕ ಮಾಡುವುದು ವಾಡಿಕೆ.

ನಕ್ಷತ್ರ ಹುಟ್ಟಿಸೋಕೆ ಎಂ82ಕ್ಕೆ ಇಷ್ಟು ಆತುರ ಯಾಕೆ ಅಂದರೆ, ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ನೋಡಿ, ಪಕ್ಕದಲ್ಲಿ ಎಂ81 ಎಂಬ ಇನ್ನೊಂದು ಗೆಲಾಕ್ಸಿ ಇದೆ. ಕೋಟ್ಯಂತರ ವರ್ಷಗಳ ಹಿಂದೆ ಇವೆರಡೂ ಹತ್ತಿರ ಹಾದುಹೋದಾಗ ಎಂ82ರ ಅನಿಲ ನಡುವಿಗೆ ನುಗ್ಗಿತು. ಅಲ್ಲಿಂದ ಶುರುವಾಗಿದ್ದು ಈ ಗಲಾಟೆ.